ರಿವರ್ಸ್ ಬಾರದ ಆರ್ವಿಡ್

ಕಪ್ಪು ಲಂಗ ಜಲ್ಲಿಗೆ ತಾಗದಂತೆ ಮೊಣಕಾಲಿನ ಮೇಲಕ್ಕೆ ಸುತ್ತಿಕೊಂಡು ಡಾರ್ಲೀನ್ ಪಿಕಪ್ಪಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕ್ಯಾಂಪರ್ ಗಾಡಿಯ ಮೂತಿ ಪಿಕಪ್ಪಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರಲು ಇನ್ನೆರಡು ಬೆರಳು ಬಾಕಿ. ಜ್ಯಾಕಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಠಣ್ಣೆಂದು ಕೂತಿತು. ಚಿಲಕ ಹಾಕಿ, ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಬರುವಂತೆ ಸಿಕ್ಕಿಸಿ, ದೀಪದ ವೈರು ಚುಚ್ಚಿ ಎದ್ದು ನಿಂತಳು. ಸೊಂಟ ಲಟಕ್ಕೆಂದಿತು.

ಮಡಚಿದಾಗ ಆ ಕ್ಯಾಂಪರ್ ಸೊಂಟದೆತ್ತರದ ಬಿಳಿ ಪೆಟ್ಟಿಗೆ, ಅಷ್ಟೇ. ಚಾವಣಿ ಎತ್ತಿ, ಎರಡು ಕಡೆಯ ಹಾಸಿಗೆ ಹೊರಗೆಳೆದರೆ ಕ್ಯಾನ್ವಾಸ್ ಗೋಡೆಯ ಪುಟ್ಟ ಮನೆ. ಆರ್ವಿಡ್ ಕಂಗಾಸ್ ಜೀವಮಾನದಲ್ಲಿ ಆಸೆಪಟ್ಟು ಕೊಂಡ ವಸ್ತು ಇದೊಂದೇ. ಈಗ ಆರ್ವಿಡ್ ಪಿಕಪ್ಪಿನ ಮುಂದಿನ ಸೀಟಿನಲ್ಲಿದ್ದ. ಬೂದಿಯಾಗಿ, ಮರದ ಡಬ್ಬಿಯೊಳಗೆ, ಸೀಟ್ ಬೆಲ್ಟ್ ಕಟ್ಟಿಸಿಕೊಂಡು.

ಮಗಳು ಟ್ರೇಸಿ ಕಾಫಿ ಲೋಟ ಹಿಡಿದು ಮನೆಯಿಂದ ಹೊರಗೆ ಬಂದವಳು ಅಲ್ಲೇ ನಿಂತಳು.

"ಅಮ್ಮ, ಏನಿದು?"

"ಕಾಣ್ತಿಲ್ವಾ? ಗಾಡಿ ಕಟ್ತಿದೀನಿ."

"ಅಪ್ಪನ ಮಣ್ಣಿಗೆ ಹೊರಟಿದೀವಿ. ಕ್ಯಾಂಪರ್ ಯಾಕೆ?"

"ಮಣ್ಣು ಮುಗಿಸ್ಕೊಂಡು ಅಲ್ಲಿಂದ್ಲೇ ಪರ್ಚ್ ಲೇಕಿಗೆ ಹೋಗ್ತೀನಿ. ಪ್ರತಿ ಜೂನಲ್ಲೂ ಹೋಗ್ತಿರ್ಲಿಲ್ವಾ? ನಿಮ್ಮಪ್ಪ ಚಳಿಗಾಲದಲ್ಲೇ ಅಲ್ಲಿ ಬಿಡಾರ ಹಾಕೋಕೆ ನಮ್ಮ ಜಾಗ ಹಿಡಿದಿಟ್ಟಿದಾನೆ. ಇವತ್ತು ರಾತ್ರಿಯಿಂದ ನಮ್ದು."

ಅಷ್ಟರಲ್ಲಿ ಅಳಿಯ ಕರ್ಟ್ ಟೈ ಸರಿಮಾಡಿಕೊಳ್ಳುತ್ತ ಬಂದ. ಕರ್ಟನ ಟ್ರಕ್ಕಿನ ಪಕ್ಕದಲ್ಲಿ ನಿಲ್ಲಿಸಿದರೆ ಆರ್ವಿಡನ ಪಿಕಪ್ಪು ಅದರ ಮರಿಯಂತೆ ಕಾಣುತ್ತಿತ್ತು.

"ಡಾರ್ಲೀನ್, ನೀವ್ಯಾಕೆ ಕಷ್ಟಪಡ್ತೀರಾ? ನಾನು ಎಳ್ಕೊಂಡು ಹೋಗಿ ನಮ್ಮ ಶೆಡ್ಡಲ್ಲಿ ಇಡ್ತೀನಿ. ನನ್ನ ತಮ್ಮನೂ ಇಂಥದ್ದೊಂದು ಬೇಕು ಅಂತಿದ್ದ."

"ಬೇಕಿದ್ರೆ ಅಂಗಡಿಗೆ ಹೋಗ್ಲಿ ನಿನ್ನ ತಮ್ಮ."

ಟ್ರೇಸಿ ಲೋಟವನ್ನು ಮೆಟ್ಟಿಲ ಮೇಲಿಟ್ಟಳು. ಅವಳ ಕಣ್ಣು ರಾತ್ರಿಯಿಡೀ ಅತ್ತು ಊದಿತ್ತು. "ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಇದನ್ನ ಹೈವೇ ಮೇಲೆ ಎಳೆದಿದೀಯಾ? ಅಪ್ಪನ್ನ ಇವತ್ತು ಮಣ್ಣು ಮಾಡ್ತಿದೀವಿ. ನಿನ್ನನ್ನೂ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ ಅಮ್ಮ. ಕೀ ಕೊಡು."

ಡಾರ್ಲೀನ್ ಕೀಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. "ಇವತ್ತು ಈ ಮನೆಗೆ ವಾಪಸ್ ಬಂದ್ರೆ ಅವನ ಕುರ್ಚಿ ನೋಡ್ತಾ ಕೂತ್ಬಿಡ್ತೀನಿ. ಆಮೇಲೆ ಎದ್ದು ಎಲ್ಲಿಗೂ ಹೊರಡಲ್ಲ. ನನ್ನನ್ನ ನಾನು ಚೆನ್ನಾಗಿ ಬಲ್ಲೆ. ಹೋದ್ರೆ ಇವತ್ತೇ ಹೋಗ್ಬೇಕು."

ತಾಯಿ ಮಗಳು ಇಬ್ಬರದೂ ಒಂದೇ ಜಾತಿಯ ಹಟ. ಕೊನೆಗೆ ಟ್ರೇಸಿಯೇ ಒಂದು ದಾರಿ ಹುಡುಕಿದಳು. "ಸರಿ. ಚರ್ಚಿಗೆ, ಅಲ್ಲಿಂದ ಸ್ಮಶಾನಕ್ಕೆ ನೀನೇ ಎಳ್ಕೊಂಡು ಬಾ. ಎಲ್ಲೂ ಎಡವಟ್ಟಾಗದಿದ್ರೆ ಲೇಕಿಗೆ ಹೋಗು, ನಾನು ತುಟಿ ಬಿಚ್ಚಲ್ಲ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ಯೋ, ಕೀ ನನ್ನ ಕೈಗೆ."

"ಆಯ್ತು," ಎಂದಳು ಡಾರ್ಲೀನ್.

*

ಮೊದಲ ಸಲ ಆ ಗಾಡಿಯನ್ನು ಪರ್ಚ್ ಲೇಕಿಗೆ ಒಯ್ದಾಗ ಟ್ರೇಸಿಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಸಂಜೆಯ ಹೊತ್ತು. ಬೇರೆ ಬಿಡಾರದವರೆಲ್ಲ ಮಡಚು ಕುರ್ಚಿ ಹಾಕಿಕೊಂಡು, ಬಿಯರ್ ಹಿಡಿದು ಕೂತಿದ್ದರು. ಹೊಸದಾಗಿ ಬಂದ ಗಂಡಹೆಂಡತಿ ಗಾಡಿಯನ್ನು ಹಿಂದಕ್ಕೆ ಬಿಟ್ಟು ತಮ್ಮ ಜಾಗದಲ್ಲಿ ಕೂರಿಸುವುದನ್ನು ನೋಡುವುದೆಂದರೆ ಅಲ್ಲಿ ಪುಕ್ಕಟೆ ನಾಟಕ.

ಆರ್ವಿಡ್ ಮೂವತ್ತು ಚಳಿಗಾಲ ಕೌಂಟಿಯ ಹಿಮ ಗುಡಿಸುವ ಲಾರಿ ಓಡಿಸಿದವನು. ಕಣ್ಣು ಕಾಣದ ಬಿರುಗಾಳಿಯಲ್ಲೂ ಯಾರ ಮನೆಯ ಅಂಚೆಪೆಟ್ಟಿಗೆಯನ್ನೂ ಉರುಳಿಸಿದವನಲ್ಲ. ಅಂಥವನ ಮಾತನ್ನು ಈ ಪುಟ್ಟ ಗಾಡಿ ಕೇಳಲಿಲ್ಲ. ಹಿಂದಕ್ಕೆ ಬಿಡುವಾಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಉದ್ದದ ಗಾಡಿಯಾದರೆ ನಿಧಾನಕ್ಕೆ ತಿರುಗುತ್ತದೆ, ತಪ್ಪು ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ಇದು ಗಿಡ್ಡ, ಹಗುರ. ಕಣ್ಣು ಮಿಟುಕಿಸುವುದರೊಳಗೆ ಕತ್ತು ತಿರುಚಿಕೊಂಡು ಪಿಕಪ್ಪಿಗೇ ಗುಮ್ಮಲು ಬರುತ್ತದೆ. ಸಾಲದ್ದಕ್ಕೆ, ಮಡಚಿದ ಗಾಡಿ ಕನ್ನಡಿಯಲ್ಲಿ ಕಾಣುವುದೂ ಇಲ್ಲ.

"ಎಡಕ್ಕೆ, ಎಡಕ್ಕೆ," ಎಂದು ಡಾರ್ಲೀನ್ ಹಿಂದಿನಿಂದ ಕೂಗಿದಳು.

"ಯಾರ ಎಡಕ್ಕೆ?"

"ಗಾಡಿ ಎಡಕ್ಕೆ."

"ಗಾಡಿಗೆ ಎಡ ಎಲ್ಲಿರುತ್ತೆ ಮಾರಾಯ್ತಿ?"

ಗಾಡಿಯ ಮೂಲೆ ಹೋಗಿ ಬರ್ಚ್ ಮರಕ್ಕೆ ಬಡಿಯಿತು. ಕುರ್ಚಿಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆರ್ವಿಡ್ ಕೆಳಗಿಳಿದ. ಕಿವಿ ಕೆಂಪಗಾಗಿತ್ತು. ಚಿಲಕ ತೆಗೆದು ಗಾಡಿಯನ್ನು ಪಿಕಪ್ಪಿನಿಂದ ಬಿಚ್ಚಿದ. "ತಳ್ಳು," ಎಂದ. ಇಬ್ಬರೂ ತಳ್ಳಿದರು. ಚಪ್ಪಾಳೆ ತಟ್ಟಿದವನೇ ನಾಚಿಕೆಯಾಗಿ ಓಡಿಬಂದು ಭುಜ ಕೊಟ್ಟ. ಅಂದಿನಿಂದ ಎಲ್ಲಿ ಹೋದರೂ ಅದೇ ಪದ್ಧತಿಯಾಯಿತು: ಬಿಚ್ಚುವುದು, ತಳ್ಳುವುದು.

*

ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಆಲೂಗಡ್ಡೆ ಸಲಾಡ್, ನೀರು ಕಾಫಿ. ಪ್ರಾರ್ಥನೆ ಮುಗಿದಿತ್ತು. ಪಾದ್ರಮ್ಮ ಆರ್ವಿಡನನ್ನು ವಿನಮ್ರ ಸೇವಕ ಎಂದಾಗ ತಲೆಯಾಡಿಸಿದ ಜನ ಇಲ್ಲಿ ಅವನ ನಿಜವಾದ ಕಥೆಗೆ ಇಳಿದಿದ್ದರು.

"ನಾನು ವರ್ಷಗಟ್ಲೆ ಲಾರೀಲಿ ಅವನ ಪಕ್ಕ ಕೂತಿದ್ದೆ," ಎಂದ ಎಲ್ಮರ್. ಹಿಮ ಗುಡಿಸುವ ಲಾರಿಯ ಪಕ್ಕಕ್ಕೆ ರೆಕ್ಕೆಯಂತೆ ಚಾಚುವ ಹಲಗೆಯನ್ನು ಎತ್ತಿ ಇಳಿಸುವ ಕೆಲಸ ಅವನದಾಗಿತ್ತು. "ಬೆಳಗಿಂದ ಸಂಜೆವರೆಗೂ ನಾಲ್ಕೇ ಮಾತು. ಅದ್ರಲ್ಲಿ ಎರಡು ಊಟದ್ದು."

"ಸಿಟ್ಟು ಬರ್ತಿತ್ತಾ?" ಎಂದು ಯಾರೋ ಕೇಳಿದರು.

"ಒಂದ್ಸಲ ಬಂದಿತ್ತು. ರಿವರ್ಸ್ ಹೆಂಗೆ ಹೊಡೀಬೇಕು ಅಂತ ಹೇಳ್ಕೊಡ್ಲಾ ಅಂದಿದ್ದೆ."

ಮೇಜಿನ ಸುತ್ತ ನಗು ಎದ್ದಿತು. ವಿಸ್ಕಾನ್ಸಿನ್ನಿನಿಂದ ಬಂದಿದ್ದ ದಪ್ಪನೆಯ ಮನುಷ್ಯನೊಬ್ಬ ಕಾಗದದ ತಟ್ಟೆ ಹಿಡಿದು ಎದ್ದು ನಿಂತ. "ನಾನು ಇವ್ರಿಗೆ ಹೆಂಗೆ ಪರಿಚಯ ಅಂದ್ರೆ, ಗಾಡಿ ತಳ್ಳಿದ್ದೆ. ಆಮೇಲೆ ಪ್ರತಿ ವರ್ಷ ಒಟ್ಟಿಗೆ ಮೀನು ಹಿಡಿಯೋಕೆ ಹೋಗ್ತಿದ್ವಿ."

"ನಾನೂ ತಳ್ಳಿದೀನಿ," ಎಂದರು ಇನ್ನೊಂದು ಮೇಜಿನವರು. "ನಾವೂ." ನೋಡಿದರೆ ಅರ್ಧ ಕೋಣೆ ತಳ್ಳಿದವರದೇ. ಮಾತು ಬಾರದ ಮನುಷ್ಯ ಇಷ್ಟು ಜನರನ್ನು ಹೇಗೆ ಸಂಪಾದಿಸಿದ ಎಂದು ಡಾರ್ಲೀನಳಿಗೆ ಆಗ ಹೊಳೆಯಿತು. ಕಾಫಿ ಕುಡಿದಳು.

"ಇನ್ಮೇಲೆ ಯಾರು ತಳ್ತಾರೆ ಡಾರ್ಲೀನ್?" ಎಂದ ಎಲ್ಮರ್, ತಮಾಷೆಗೇ.

ಟ್ರೇಸಿ ಆ ಕಡೆಯಿಂದ ತಾಯಿಯನ್ನೇ ನೋಡುತ್ತಿದ್ದಳು.

*

ವಸಂತದಲ್ಲಿ, ಚಿಕಿತ್ಸೆಯಿಂದ ಇನ್ನು ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ, ಆರ್ವಿಡ್ ಡಾರ್ಲೀನಳನ್ನು ಗಾಡಿ ಸಮೇತ ಊರಿನ ಹಾಕಿ ಆಟದ ಮೈದಾನದ ಖಾಲಿ ಪಾರ್ಕಿಂಗಿಗೆ ಕರೆದುಕೊಂಡು ಹೋದ. ತಾನು ಕಂಬಳಿ ಹೊದ್ದು ಪಕ್ಕದ ಸೀಟಿನಲ್ಲಿ ಕೂತ.

"ತಿರುವಲ್ಲಿ ಅಗಲಕ್ಕೆ ಹೋಗು. ಇಲ್ದಿದ್ರೆ ಗಾಡಿ ಮೂಲೆ ಕಡಿಯುತ್ತೆ. ಇಳಿಜಾರಲ್ಲಿ ಓಲಾಡಿದ್ರೆ ಬ್ರೇಕ್ ಒತ್ಬೇಡ, ಆಕ್ಸಿಲರೇಟರಿಂದ ಕಾಲು ತೆಗಿ. ಭಾರ ಎಲ್ಲಾ ಮುಂದುಗಡೆ ಇಡು." ಮದುವೆಯಾದಂದಿನಿಂದ ಒಂದೇ ಉಸಿರಿಗೆ ಅವನು ಅಷ್ಟು ಮಾತಾಡಿದ್ದು ಅವಳಿಗೆ ನೆನಪಿಲ್ಲ.

"ರಿವರ್ಸ್?"

"ಹಿಂದಕ್ಕೆ ಬರ್ಬೇಕಾಗೋ ಕಡೆ ಹೋಗ್ಬೇಡ."

"ಇದೂ ಒಂದು ಪಾಠವಾ?"

ಅವನು ಕಂಬಳಿಯನ್ನು ಮೇಲಕ್ಕೆಳೆದುಕೊಂಡ. "ಅದು ನಂಗೆ ಬರಲ್ಲ ಡಾರ್ಲೀನ್. ಬರೋದನ್ನ ಮಾತ್ರ ಹೇಳ್ಕೊಡ್ತಿದೀನಿ."

ಆಮೇಲೆ ಅವನು ಮಧ್ಯಾಹ್ನ ಮಲಗಿದಾಗಲೆಲ್ಲ, ಪಕ್ಕದ ಮನೆಯವಳನ್ನು ಅವನ ಬಳಿ ಕೂರಿಸಿ, ಡಾರ್ಲೀನ್ ಒಬ್ಬಳೇ ಅಲ್ಲಿಗೆ ಹೋಗುತ್ತಿದ್ದಳು. ಗಾಡಿಯ ಹಿಂದಿನ ಎರಡು ಮೂಲೆಗೆ ಮಕ್ಕಳ ಸೈಕಲ್ಲಿನ ಕೇಸರಿ ಬಾವುಟ ಕಟ್ಟಿದಳು, ಕನ್ನಡಿಯಲ್ಲಿ ಕಾಣಲಿ ಎಂದು. ಕೈಯನ್ನು ಸ್ಟೀರಿಂಗಿನ ತಳದಲ್ಲಿ ಹಿಡಿದರೆ ಕೈ ಹೋದ ಕಡೆಗೇ ಗಾಡಿ ಹೋಗುತ್ತದೆ ಎಂಬುದನ್ನು ತಾನೇ ಕಂಡುಕೊಂಡಳು. ಆದರೂ ಹೆಚ್ಚಿನ ಸಲ ಗಾಡಿ ಕತ್ತು ತಿರುಚಿಕೊಳ್ಳುತ್ತಿತ್ತು. ಬಯ್ಯುತ್ತಿದ್ದಳು, ಅಳುತ್ತಿದ್ದಳು, ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಹಿಂದಕ್ಕೆ ಬಿಡುತ್ತಿದ್ದಳು. ಗಂಡನಿಗೆ ಹೇಳಲಿಲ್ಲ. ತನಗೆ ಜೀವಮಾನದಲ್ಲಿ ಬಾರದ್ದು ಹೆಂಡತಿಗೆ ಬರುತ್ತಿದೆ ಎಂದು ಹಾಸಿಗೆ ಹಿಡಿದವನಿಗೆ ಹೇಳುವಷ್ಟು ಕಲ್ಲುಮನಸ್ಸು ಅವಳದಾಗಿರಲಿಲ್ಲ. ಅಲ್ಲದೆ, ಪೂರ್ತಿಯಾಗಿ ಬಂದೂ ಇರಲಿಲ್ಲ.

*

ಸ್ಮಶಾನದ ಗೇಟು ದಾಟಿದರೆ ದಾರಿ ಎರಡಾಗುತ್ತದೆ. ಬಲಕ್ಕೆ ಹೊಸ ಭಾಗ. ಆರ್ವಿಡನಿಗೆ ಗುಂಡಿ ತೋಡಿದ್ದು ಅಲ್ಲಿ. ಎಡಕ್ಕೆ ಹಳೆಯ ಭಾಗ. ಅವನ ಅಪ್ಪ ಅಮ್ಮ ಇರುವುದು ಅಲ್ಲಿ. ಪ್ರತಿ ಮೇ ತಿಂಗಳಲ್ಲೂ ಜೆರೇನಿಯಂ ಹೂವಿನ ಕುಂಡಗಳನ್ನಿಟ್ಟುಕೊಂಡು ಗಂಡಹೆಂಡತಿ ತಪ್ಪದೆ ಎಡಕ್ಕೇ ತಿರುಗುತ್ತಿದ್ದರು. ಹೆಡ್‌ಲೈಟ್ ಹಾಕಿಕೊಂಡ ಕಾರುಗಳ ಸಾಲನ್ನು ಹಿಂದಿಟ್ಟುಕೊಂಡು ಬಂದ ಡಾರ್ಲೀನಳ ಕೈಯೂ ತಾನೇ ತಾನಾಗಿ ಎಡಕ್ಕೆ ತಿರುಗಿಸಿಬಿಟ್ಟಿತು.

ಗೊತ್ತಾದಾಗ ಹೊತ್ತು ಮೀರಿತ್ತು. ಮುಂದೆ ಬೇಲಿ, ಬೇಲಿಯಾಚೆ ಸ್ಪ್ರೂಸ್ ಮರಗಳು. ಎರಡು ಪಕ್ಕವೂ ಗೋರಿಕಲ್ಲು. ತಿರುಗಿಸಲು ಜಾಗವಿಲ್ಲ. ಹಿಂದೆ, ಅವಳನ್ನೇ ನಂಬಿ ಬಂದ ಊರಿಗೆ ಊರು.

ಬಾಗಿಲುಗಳು ತೆರೆದ ಸದ್ದಾಯಿತು. ಗಂಡಸರು ಇಳಿದು ಬಂದರು. ಕರ್ಟ್ ಆಗಲೇ ಕೋಟು ಬಿಚ್ಚಿ ತೋಳು ಮಡಚುತ್ತಿದ್ದ. ವಿಸ್ಕಾನ್ಸಿನ್ನಿನವನೂ ಕೋಟು ಬಿಚ್ಚಿದ.

"ಚಿಲಕ ತೆಗೀರಿ, ತಳ್ಳೋಣ," ಎಂದ ಎಲ್ಮರ್. "ಆರ್ವಿಡ್ ಇದ್ದಿದ್ರೆ ಇಷ್ಟೊತ್ತಿಗೆ ಬಿಚ್ಚಿರ್ತಿದ್ದ."

ಟ್ರೇಸಿ ಕಿಟಕಿಯ ಬಳಿ ಬಂದು ಅಂಗೈ ಚಾಚಿದಳು. ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ, ಸುಸ್ತಿತ್ತು. "ಅಮ್ಮ, ಸಾಕು. ಸಿಕ್ಕಿಹಾಕ್ಕೊಂಡ್ಯಲ್ಲ."

"ಸಿಕ್ಕಿಹಾಕ್ಕೊಂಡಿಲ್ಲ. ನಿಂತಿದೀನಿ, ಅಷ್ಟೇ. ಹಿಂದಿನ ಕಾರುಗಳನ್ನ ತೆಗೆಸು."

"ಅಮ್ಮ..."

"ನನ್ನ ಗಾಡೀನ ಇವತ್ತು ಯಾರೂ ಮುಟ್ಟಬಾರ್ದು. ಕರ್ಟ್, ನೀನೂ ಅಷ್ಟೇ. ಕೋಟ್ ಹಾಕ್ಕೋ."

ಗಂಡಸರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಕಾರು ಹತ್ತಿ ಹಿಂದಕ್ಕೆ ಬಿಡತೊಡಗಿದರು. ಕೊನೆಯಲ್ಲಿದ್ದ ಪಾದ್ರಮ್ಮನ ಕಾರು ಮೊದಲು, ಉಳಿದವು ಅದರ ಹಿಂದೆ. ದೀಪ ಹಾಕಿಕೊಂಡ ಮೆರವಣಿಗೆ ಇಡಿಯಾಗಿ ಸ್ಮಶಾನದಿಂದ ಹಿಮ್ಮೆಟ್ಟಿತು.

ಡಾರ್ಲೀನ್ ಸ್ಟೀರಿಂಗಿನ ತಳ ಹಿಡಿದಳು. ಪಕ್ಕದ ಸೀಟಿನ ಡಬ್ಬಿಗೆ "ನೀನು ಸುಮ್ನಿರು" ಎಂದಳು. ರಿವರ್ಸ್ ಹಾಕಿದಳು. ಎರಡು ಬಾವುಟಗಳೂ ಒಂದೇ ಕನ್ನಡಿಗೆ ಬಂದವು. ಗಾಡಿ ತಿರುಚಿಕೊಳ್ಳುತ್ತಿತ್ತು, ಹಿಂದೆ ಯಾರದೋ ಗ್ರಾನೈಟ್ ದೇವದೂತೆ. ನಿಲ್ಲಿಸಿದಳು. ಮುಂದಕ್ಕೆ ಹೋದಳು. ನೆಟ್ಟಗೆ ಮಾಡಿದಳು. ಮತ್ತೆ ಬಿಟ್ಟಳು. ಮತ್ತೆ ತಿರುಚಿತು. ಬೆನ್ನ ಮೇಲೆ ಬೆವರು ಇಳಿಯಿತು. ಯಾರೂ ನಗುತ್ತಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಪುನಃ ಮುಂದಕ್ಕೆ ಹೋಗಿ ನಿಂತಾಗ ಕನ್ನಡಿಯಲ್ಲಿ ಟ್ರೇಸಿ ಕಂಡಳು. ಅವಳು ಸುಮ್ಮನೆ ಹೋಗಿ ದೇವದೂತೆಯ ಮುಂದೆ, ಗಾಡಿಗೂ ಕಲ್ಲಿಗೂ ನಡುವೆ, ಎತ್ತರ ಹಿಮ್ಮಡಿಯ ಚಪ್ಪಲಿಯಲ್ಲೇ ನಿಂತಿದ್ದಳು.

ಈಗ ತಪ್ಪಿದರೆ ಮಗಳಿಗೆ ತಾಗುತ್ತದೆ. ಡಾರ್ಲೀನಳಿಗೆ ಒಮ್ಮೆಲೇ ಕೋಪ ಬಂತು, ಕೋಪದ ಹಿಂದೆಯೇ ನೆಮ್ಮದಿಯೂ ಬಂತು: ಗಾಡಿ ತಪ್ಪದು ಎಂದು ನಂಬದೆ ಅವಳು ಅಲ್ಲಿ ನಿಲ್ಲುತ್ತಿದ್ದಳೇ? ಉಸಿರು ಬಿಟ್ಟು, ಕೈಯನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತ ಬಿಟ್ಟಳು. ಒಂದೊಂದು ಕನ್ನಡಿಯಲ್ಲಿ ಒಂದೊಂದು ಬಾವುಟ. ದೇವದೂತೆ ಪಕ್ಕಕ್ಕೆ ಸರಿದು ಹೋಯಿತು. ಆರ್ವಿಡನ ಅಪ್ಪ ಅಮ್ಮನ ಕಲ್ಲು, ಕಳೆದ ತಿಂಗಳ ಜೆರೇನಿಯಂ, ದಾರಿ ಕವಲೊಡೆಯುವ ಕಂಬ, ಎಲ್ಲವೂ ಸರಿದು ಹೋದವು.

ಹೊಸ ಭಾಗದಲ್ಲಿ ಆರ್ವಿಡನನ್ನು ಇಳಿಸಿದರು. ಪಾದ್ರಮ್ಮ ಚಿಕ್ಕ ಪ್ರಾರ್ಥನೆ ಹೇಳಿದಳು. ಡಾರ್ಲೀನ್ ಒಂದು ಹಿಡಿ ಮಣ್ಣು ಹಾಕಿದಳು, ಆಗ ಅತ್ತಳು, ಎಲ್ಲರೆದುರೂ, ತಡೆಯದೆ. ಎಲ್ಮರ್ ಟೋಪಿಯನ್ನು ಎದೆಗೆ ಒತ್ತಿಕೊಂಡು, "ಅವನು ನೋಡ್ಬೇಕಿತ್ತು" ಎಂದ.

"ನೋಡ್ದೇ ಇದ್ದದ್ದೇ ಒಳ್ಳೇದಾಯ್ತು," ಎಂದಳು ಡಾರ್ಲೀನ್ ಮೂಗು ಒರೆಸಿಕೊಳ್ಳುತ್ತ. "ಒಂದು ವಾರ ಮಾತು ಬಿಡ್ತಿದ್ದ."

ಪಿಕಪ್ಪಿನ ಬಾಗಿಲವರೆಗೆ ಟ್ರೇಸಿ ಬಂದಳು. "ಹೋದ್ಮೇಲೆ ಫೋನ್ ಮಾಡು."

"ಅಲ್ಲಿ ಫೋನ್ ಸಿಗಲ್ಲ."

"ಗೊತ್ತು," ಎಂದಳು ಮಗಳು. ಕೀ ಕೇಳಲಿಲ್ಲ.

ಗೇಟಿನಿಂದ ಹೈವೇಗೆ ಬಂದರೆ ಎಡಕ್ಕೆ ಊರು, ಬಲಕ್ಕೆ ಲೇಕು. ಬಲಬದಿಯಲ್ಲೇ ಓಡಿಸುವ ಆ ರಸ್ತೆಯಲ್ಲಿ ಬಲ ತಿರುವು ಇಕ್ಕಟ್ಟು. ಗಾಡಿ ಕಟ್ಟಿಕೊಂಡು ತಿರುಗಿಸಬೇಕಾದರೆ ರಸ್ತೆಯ ಆಚೆ ಬದಿಯವರೆಗೂ ಹೋಗಿ ಬರಬೇಕು. ಎರಡು ಕಡೆಯಿಂದಲೂ ವಾಹನಗಳು ಬಿಡುವಿಲ್ಲದೆ ಬರುತ್ತಿದ್ದವು. ಡಾರ್ಲೀನ್ ಬಲಗಡೆಯ ದೀಪ ಹಾಕಿಕೊಂಡು ಕಾದಳು.

ಆಗ ಪಿಕಪ್ಪಿನ ಪಕ್ಕದಿಂದ ಟ್ರೇಸಿ ಓಡಿದಳು. ಕಪ್ಪು ಉಡುಪು, ಕೈಯಲ್ಲಿ ಬಿಚ್ಚಿ ಹಿಡಿದ ಚಪ್ಪಲಿ. ಹೈವೇಯ ನಟ್ಟನಡುವೆ ಹೋಗಿ ನಿಂತು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದಳು. ಮರದ ದಿಮ್ಮಿ ಹೇರಿಕೊಂಡು ಬರುತ್ತಿದ್ದ ಲಾರಿಯೊಂದು ಬುಸುಗುಟ್ಟುತ್ತ ಅವಳ ಮುಂದೆ ನಿಂತಿತು. ಅದರ ಹಿಂದೆ ಕಾರುಗಳು ನಿಂತವು. ಆಚೆ ಕಡೆಯವೂ ನಿಂತವು.

ಡಾರ್ಲೀನ್ ಅಗಲಕ್ಕೆ ಹೋಗಿ ಬಲಕ್ಕೆ ತಿರುಗಿಸಿದಳು. ಗಾಡಿ ಹಿಂದೆಯೇ ಬಂತು. ಬಹಳ ದೂರ ಹೋದ ಮೇಲೂ ಕನ್ನಡಿಯಲ್ಲಿ ಮಗಳು ಬರಿಗಾಲಲ್ಲಿ ರಸ್ತೆಯ ನಡುವೆ ತೋಳು ಚಾಚಿಕೊಂಡೇ ನಿಂತಿದ್ದಳು. ಲಾರಿಯವನೂ ಹಾರನ್ ಮಾಡದೆ ಕಾಯುತ್ತಿದ್ದ.