ಹೂರಣದ ಮೀನು

ನಾಚಿಕಿ ಯಾರಿಗಿ ಆಗಬೇಕಿತ್ತು, ಯಾರಿಗಿ ಆಗೇತಿ ನೋಡ್ರಿ! ತಪ್ಪು ಅವರದು, ಮಾರಿ ಮುಚ್ಚಿಕೊಂಡು ತಿರಗಾಕತ್ತಾಕಿ ನಾನು.

ತಾರಾಬಾಯಿ ನನ್ನ ಬಾಜೂಮನಿ ಗೆಳತಿ. ಅವರು ಜೈನರು, ಗೋಕಾಕ ಪ್ಯಾಟ್ಯಾಗ ಹತ್ತಿ ವ್ಯಾಪಾರ. ನಾವು ಮೀನ ತಿನ್ನೋ ಮಂದಿ. ಅವರ ಅಡಗಿಮನ್ಯಾಗ ನಾ ಎಂದೂ ಕಾಲಿಟ್ಟಾಕಿ ಅಲ್ಲ, ಆದ್ರ ಹಿತ್ತಲದ ಕಟ್ಟಿ ಮಾತ್ರ ನಮ್ಮಿಬ್ಬರದೂ. ಬ್ಯಾಳಿ ಹಸನ ಮಾಡೂದು ಅಲ್ಲೇ, ನಗೂದು ಅಲ್ಲೇ, ಅಳೂದೂ ಅಲ್ಲೇ. ಆಕಿ ಮೈದುನ ಭೂಪಾಲನ್ನ ನಾ ಬಗಲಾಗ ಎತ್ತಿ ಆಡಿಸೇನಿ. ಅಂವ ಮುಂಬೈದ ಒಂದು ಹತ್ತಿ ಕಂಪನಿ ಕಡಿಂದ ಜಪಾನಕ್ಕ ಹೋಗಿ ಈಗ ಹೊಳ್ಳಿ ಬಂದಿದ್ದ. ಜಪಾನದ ಕೈಬಳಿ ತಂದಾನು ಅಂತ ನಾವು ದಾರಿ ಕಾಯ್ದ್ರ, ಹುಚ್ಚಪ್ಪ, ಕಬ್ಬಿಣದ ಅಚ್ಚು ತಂದಿದ್ದ! ಉದ್ದಾನ ಹಿಡಕಿ, ಪುಸ್ತಕದಂಗ ತೆರದು ಮುಚ್ಚೋ ಎರಡು ಪಳಿ, ಒಳಗ ಮೀನಿನ ಆಕಾರ.

"ಕೋಬೆ ಊರಿನ ಬೀದ್ಯಾಗ ಇದರಾಗ ಹಿಟ್ಟಿನ ಮೀನ ಬಿಸಿಬಿಸಿ ಸುಟ್ಟು ಮಾರತಾರ, ರಾಯವ್ವಕ್ಕಾ. ಒಳಗ ಬರೇ ಸಿಹಿ ಕಾಳಿನ ಹೂರಣ," ಅಂದ.

ತಾರಾಬಾಯಿ ಹಿಂದ ಮುಂದ ನೋಡಿದ್ಲು. ಅವರೊಳಗ ಹಿಟ್ಟಿಲೆ ಪ್ರಾಣಿ ಮಾಡಿ ತಿಂದ್ರೂ ಪಾಪನ. ಖರೆ ಕೊಂದು ತಿಂದಂಗ ಅಂತಾರ. ಅದೂ ಅಲ್ದ, ಭೂಪಾಲಗ ಮಮದಾಪುರದ ಅಣ್ಣಾಸಾಹೇಬರ ಮಗಳು ಕಮಲಾಬಾಯಿನ್ನ ತರೂ ಮಾತು ನಡದಿತ್ತು. ಹುಡುಗ ಪರದೇಶದಾಗ ಮೀನಗೀನ ತಿಂದಾನೇನೋ ಅಂತ ಅವರಿಗಿ ಮೊದಲ ಸಂಶೇ. ಈ ನಂಟಸ್ತನ ಮುರದ್ರ ಸಮಾಜದಾಗ ಮತ್ಯಾರೂ ಹೆಣ್ಣು ಕೊಡೂದಿಲ್ಲಂತ ತಾರಾಬಾಯಿ ದಿನಾ ಕೊರಗತಿದ್ಲು.

"ಯಾರ ನೋಡ್ತಾರ, ಬಿಡ್ರಿ ವೈನಿ," ಅಂದ ಭೂಪಾಲ. ಬಾಯಿ ಚಪಲ ನಮಗೂ ಇತ್ತು.

ಎದುರಮನಿ ಸುಂದರಾಬಾಯಿನೂ ಓಡಿ ಬಂದ್ಲು. ಹಿತ್ತಲದಾಗ ಶೇಗಡಿ ಹಚ್ಚಿದ್ವಿ. ತಾರಾಬಾಯಿ ಗೋದಿಹಿಟ್ಟು ಹಾಲಾಗ ಕಲಿಸಿದ್ಲು, ಸುಂದರಾಬಾಯಿ ಅಲಸಂದಿ ಕುದಿಸಿ ಬೆಲ್ಲ ಕೂಡಿಸಿ ಅರದ್ಲು, ಅಚ್ಚು ಹಿಡದು ಹೊಳ್ಳಿಸೂದು ನನ್ನ ಕೆಲಸ. ಮೊದಲಿಂದು ತಳ ಹತ್ತಿ ಕರಕಾತು. ಮುಂದಿಂದರ ಬಾಲ ಹರಕೊಂಡು ಬಂತು.

"ಮೀನ ತಿನ್ನೋರ ಮನ್ಯಾಕಿ, ನಿನಗ ಇಷ್ಟೂ ಬರೂದಿಲ್ಲೇನವಾ?" ಅಂತ ಕಾಡಿಸಿದ್ಲು ಸುಂದರಾಬಾಯಿ.

"ನಮ್ಮ ಘಟಪ್ರಭಾದ ಮೀನಾಗ ಮುಳ್ಳ ಇರ್ತಾವ, ಹೂರಣ ಇರೂದಿಲ್ಲ," ಅಂದೆ. ನಕ್ಕು ನಕ್ಕು ಸಾಕಾತು. ಆಮ್ಯಾಲ ಒಂದು ಕೆಂಪಗ ಎದ್ದು ಬಂತು. ಭೂಪಾಲ ತಲಿ ಕಡಿಂದ ಕಚ್ಚಿದ. ತಾರಾಬಾಯಿ ಕಣ್ಣ ಮುಚ್ಚಿಕೊಂಡು ಬಾಲ ತಿಂದ್ಲು, ಮ್ಯಾಲ ಇನ್ನೊಂದು ಬೇಡಿದ್ಲು. ನಾನೂ ಒಂದು ತುಂಡು ಬಾಯಾಗ ಹಾಕ್ಕೊಂಡೆ.

ಅಷ್ಟ್ರಾಗ ಹೊರಗ ಚಕ್ಕಡಿ ನಿಂತ ಸಪ್ಪಳ. ಸಂತಿಗಿ ಬಂದಿದ್ದ ಅಣ್ಣಾಸಾಹೇಬರ ಅವ್ವ ಮನಿ ನೋಡಾಕಂತ, ಹೇಳದ ಕೇಳದ ಸೀದಾ ಹಿತ್ತಲಕ್ಕ ಬಂದಬಿಟ್ಲು. ಸುಂದರಾಬಾಯಿ ಗ್ವಾಡಿ ಸಂದಿಂದ ಪಾರು! ತಾಟಿನಾಗ ಮೀನ, ಅಚ್ಚು ನನ್ನ ಕೈಯಾಗ.

"ಏನಿದು?" ಅಂದ್ಲು ಮುದುಕಿ.

ತಾರಾಬಾಯಿ ಮಾರಿ ಬೆಳ್ಳಗಾತು. "ನಮ್ಮದಲ್ರಿ! ಇದು... ರಾಯವ್ವ ತಂದು ಮಾಡಾಕತ್ತಾಳ್ರಿ."

ನಾ ಏನ ಮಾಡ್ಲಿ? ಆಕಿ ಕಣ್ಣಾಗ ನೀರ ತುಂಬಿದ್ವು. ಹೋಗ್ಲಿ, ಹುಡುಗನ ಮದವಿ ಉಳೀಲಿ ಅಂತ "ಹೌದ್ರಿ, ನಂದ," ಅಂದೆ. ಖರೆ ಹೇಳತೇನಿ, ಆ ಗಳಿಗ್ಯಾಗ ನನಗ ಹೆಮ್ಮಿನ ಅನಸ್ತು.

ಮುದುಕಿ ಬಿಡಲಿಲ್ಲ. ಭೂಪಾಲನ ಕಡೆ ಹೊಳ್ಳಿದ್ಲು. "ನೀ ಹೇಳಪಾ, ಯಾರದಿದು?"

ಭೂಪಾಲ ಮೀಸಿ ಒರಿಸಿಕೊಂಡ. "ಆಕೀದ್ರಿ. ಮೀನ ತಿನ್ನೋ ಮಂದಿ ಅವರು. ಬ್ಯಾಡಂದ್ರೂ ಕೇಳೂದಿಲ್ಲ."

ಬ್ಯಾಡಂದ್ರೂ ಅಂತ! ನನ್ನ ಬಗಲಾಗ ಬೆಳದ ಕೂಸು! ಮೈಯಾಗಿನ ರಗತ ಎಲ್ಲಾ ಮಾರಿಗಿ ಏರಿತು. ಬಾಯಾಗ ಇನ್ನ ಹೂರಣ ಇತ್ತು, ನುಂಗಾಕ ಆಗವಲ್ದು, ಉಗಳಾಕ ಆಗವಲ್ದು. ಭೂಮಿ ಬಾಯಿ ಬಿಟ್ರ ಅಲ್ಲೇ ಇಳದ ಹೋಗತಿದ್ದೆ.

"ಇಂಥವರನ್ನ ಹಿತ್ತಲಕ್ಕ ಬಿಟ್ಟಕೋಬ್ಯಾಡ್ರಿ," ಅಂದ್ಲು ಮುದುಕಿ.

"ಹೂಂ ರಿ," ಅಂದ್ಲು ತಾರಾಬಾಯಿ. ನನ್ನ ಮಾರಿ ನೋಡದ, "ನಿನ್ನ ಸಾಮಾನ ತಗೊಂಡ ನಡಿ," ಅಂದ್ಲು.

ಬಿಸಿ ಅಚ್ಚು ಸೆರಗಿನಾಗ ಸುತ್ತಿಕೊಂಡು, ಓಣಿ ಆ ಕಡೆ ಈ ಕಡೆ ನೋಡಿ, ಕಳುವು ಮಾಡಿದಾಕಿ ಹಂಗ ಮನಿಗಿ ಬಂದೆ. ಹಿಂದ ಕಟ್ಟಿ ತೊಳಿಯೋ ಸಪ್ಪಳ ಕೇಳಸ್ತು. ನಾವಿಬ್ಬರೂ ಕುಂಡ್ರೋ ಕಟ್ಟಿ ಅದು.

ನಂಟಸ್ತನ ಗಟ್ಟಿ ಆತು. ನಿನ್ನೆ ತಾರಾಬಾಯಿ ನಮ್ಮ ಬಾಗಲಿಗಿ ಬಂದು ನಿಂತ್ಲು. ದನಿ ಸಣ್ಣ ಮಾಡಿ, "ರಾಯವ್ವಾ, ಭೂಪಾಲ ಆ ಅಚ್ಚು ಕೇಳಾಕತ್ತಾನ," ಅಂದ್ಲು.

"ಯಾರ ಅಚ್ಚು?" ಅಂದೆ.

ಆಕಿ ತಲಿ ತಗ್ಗಿಸಿದ್ಲು. ಬೈಯೂನಂತ ಎಷ್ಟೋ ಮಾತು ಕೂಡಿಸಿಟ್ಟಿದ್ದೆ, ಸುಡ್ಲಿ! ಆಕಿನ್ನ ಹಂಗ ನೋಡಿ ನನಗ ನಾಚಿಕಿ ಬಂತು. ಅಚ್ಚು ತಂದು ಕೊಟ್ಟೆ. ಆಕಿ ಅದನ್ನ ಸೆರಗಿನಾಗ ಮುಚ್ಚಿಕೊಂಡ್ಲು, ಓಣಿ ಆ ಕಡೆ ಈ ಕಡೆ ನೋಡಿದ್ಲು. ಹೋಗಾಕಿ ಮತ್ತ ನಿಂತ್ಲು.

"ಮದವಿಗಿ ಬರತೀ ಇಲ್ಲ?"

"ಬರತೇನಿ," ಅಂದೆ. "ಎಲ್ಲಿ ಕುಂಡ್ರಸ್ತೀ, ಅದೊಂದ ಹೇಳು."

ಆಕಿ ಸೆರಗು ಇನ್ನಷ್ಟು ಬಿಗಿ ಮಾಡಿಕೊಂಡು ನಡದಬಿಟ್ಲು.