ಎಲ್ಲರೂ ನೋಡಿದ ಹಸಿರು

ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಕಾಮರ್ಸ್ ಓದಿದವನು ವೈರಸ್ಸಿನ ಕತೆಗೆ ಕೈಹಾಕುವುದು ಅಧಿಕಪ್ರಸಂಗವೇ. ಹಾಕಿದ್ದಾಯಿತು, ಎಲ್ಲಿಂದ ಶುರು ಮಾಡಲಿ?

೧. ಪುಣೆ, ೧೯೯೮. ನಡುರಾತ್ರಿ. ಪ್ರಯೋಗಾಲಯದಲ್ಲಿ ಕುಸುಮ ಒಬ್ಬಳೇ...

"ನಡುರಾತ್ರಿ ಯಾಕ್ರಿ?" ಎಂದಳು ಕುಸುಮ, ನನ್ನ ಕಥಾನಾಯಕಿ, ಧಾರವಾಡದಿಂದ ಬಂದ ಲ್ಯಾಬ್ ಟೆಕ್ನಿಷಿಯನ್. "ಮಟಮಟ ಮಧ್ಯಾಹ್ನ. ಮೈಕ್ರೋಸ್ಕೋಪಿನ ಖೋಲಿಗೆ ಕರೇ ಪಡದಾ ಇರ್ತದ, ಅಷ್ಟ."

(ಹೊಡೆದುಹಾಕಿದೆ.)

೧, ಮತ್ತೆ. ವೈರಸ್ ಹೊಕ್ಕ ಜೀವಕೋಶಗಳಿಗೆ ಕುಸುಮ ಬಣ್ಣ ಹಾಕಿದ್ದಳು. ನೀಲಿ ಬೆಳಕು ಬಿಟ್ಟರೆ ವೈರಸ್ಸಿನ ಪ್ರೋಟೀನ್ ಇರುವಲ್ಲಿ ಹಸಿರು ಹೊಳೆಯಬೇಕು. ಅದು ಕೋಶಕೇಂದ್ರದ ಹೊರಗಷ್ಟೇ ಇರುತ್ತದೆಂದು ಅವಳ ಮುಖ್ಯಸ್ಥರಾದ ಬೆಳಗಾವಿಯ ದಿಗಂಬರ ಸರ್ ನಂಬಿದ್ದರು. ಒಳಗೂ ಹೋಗುತ್ತದೆಂದು ಕುಸುಮಳ ಗುಮಾನಿ. ಮೀಟಿಂಗಿನಲ್ಲಿ ಹಾಗೆ ಹೇಳಿ ನಗೆಗೀಡಾಗಿದ್ದಳು. ಒಂದು ಫೋಟೋ ಸಿಕ್ಕರೆ ಆ ನಗು ನಿಲ್ಲುತ್ತಿತ್ತು.

ಇಡೀ ಸ್ಲೈಡಿನಲ್ಲಿ ಒಂದೇ ಒಂದು ಕೋಶ ಸಿಕ್ಕಿತು. ಕುಸುಮಳಿಗೆ ಕಂಡಿದ್ದು ನಟ್ಟನಡುವೆ ಹಸಿರು.

೨. ಬೇರೆ ಯಾರಾದರೂ ಆಗಿದ್ದರೆ ಮೊದಲು ಕ್ಯಾಮೆರಾ ಹಚ್ಚುತ್ತಿದ್ದರು. ಕುಸುಮ ಹಿರಿಯರನ್ನು ಕರೆಯಲು ಓಡಿದಳು. ಹೊಸದೇನು ಮನೆಗೆ ಬಂದರೂ ದೊಡ್ಡವರ ಕಣ್ಣಿಗೆ ಮೊದಲು ಬೀಳಬೇಕು ಎಂಬ ಮನೆಯಲ್ಲಿ ಬೆಳೆದವಳು. ದಿಗಂಬರ ಸರ್ ನೋಡಿದರು. ಕ್ಯಾಮೆರಾ ನೋಡಿಕೊಳ್ಳುವ ಸಿದ್ದಾರೂಢ ನೋಡಿದ. ಪಕ್ಕದ ವಿಭಾಗದ ಗೋದಾಬಾಯಿ "ಕಿತೀ ಛಾನ್" ಎಂದು ಮೆಚ್ಚಿ, ಇನ್ನೊಮ್ಮೆ ನೋಡಿದರು.

"ಕನ್ಯಾ ನೋಡಾಕ ಬಂದಂಗ ಬಂದೀರಲ್ರಿ," ಎನ್ನುತ್ತ ಸಿದ್ದಾರೂಢ ಫಿಲ್ಮ್ ಹಾಕಿದ. ಆಮೇಲೆ ಕಣ್ಣಿಟ್ಟ. "ಕುಸುಮಕ್ಕಾ, ಕನ್ಯಾ ಎದ್ದ್ ಒಳಗ ಹೋದ್ಲು. ಹಸಿರೆಲ್ಲಾ ಆರೇತಿ."

(ಬೆಳಕು ಬಿದ್ದಷ್ಟು ಹೊತ್ತೂ ಆ ಹಸಿರು ಆರುತ್ತಲೇ ಇರುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನನಗೆ ಮಾತ್ರ.)

"ನಡಕ ಇತ್ತಲ್ರಿ ಸರ್?" ಕುಸುಮ ಕೇಳಿದಳು.

"ಅಂಚಿಗೆ ಇದ್ದಂಗಿತ್ತವಾ."

"ನಡಕನ ಇತ್ರಿ," ಎಂದ ಸಿದ್ದಾರೂಢ.

"ನೀ ದಿನಾ ಆಕಿ ಉಪ್ಪಿನಕಾಯಿ ತಿನ್ನಾಂವ. ನಿನ್ನ ಸಾಕ್ಷಿ ನಡಿಯಂಗಿಲ್ಲ," ಎಂದರು ಸರ್.

೩. ಮುಕ್ತಾಯ ಅ: ಹೊಸ ಸ್ಲೈಡು, ಫೋಟೋ, ಜರ್ನಲ್ಲಿನಲ್ಲಿ ಕುಸುಮಳ ಹೆಸರು.

ಮುಕ್ತಾಯ ಆ: ಕರಿ ಪರದೆಯ ಹಿಂದೆ ನಿಂತು ಅವಳು ಅಳುತ್ತಾಳೆ.

"ನಾ ಅತ್ತಿಲ್ರಿ," ಎಂದಳು ಕುಸುಮ. "ಮದಲಿಂದು ಇನ್ನೂ ಆಗಿಲ್ಲ. ಆಗಲಾರದ್ದು ಬರೀಬ್ಯಾಡ್ರಿ."

"ಹಾಗಾದರೆ ಆಗಿದ್ದೇನು?"

"ಸರ್ ಮತ್ತೊಮ್ಮೆ ಬಗ್ಗಿ ನೋಡಿದ್ರು. ಆಮ್ಯಾಲೆ ಅಂದ್ರು: 'ಅಂಚಿಗೇ ಇತ್ತಂತ ಆಣಿ ಮಾಡಿ ಹೇಳಲಾರೆವಾ. ಮತ್ತ ಮಾಡು. ಈ ಸಲ ಮದಲ ಫೋಟೋ ತಗಿ, ನಮ್ಮನ್ನ ಆಮ್ಯಾಲೆ ಕರಿ.' ಮೀಟಿಂಗ್‌ನ್ಯಾಗ ಎಲ್ಲಾರಕಿಂತ ಜೋರಾಗಿ ನಕ್ಕವರು ಅವರ, ನೋಡ್ರಿ."

ಇಷ್ಟು ಹೇಳಿ ಅವಳು ಸೆರಗು ಸಿಕ್ಕಿಸಿ, ಹೊಸ ಕೋಶಗಳ ಬಾಟಲಿ ತೆಗೆದು, ಏನೋ ಗುನುಗುತ್ತ ಕೆಲಸಕ್ಕೆ ನಿಂತಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಆ ಹಸಿರು ಒಳಗಿತ್ತೋ, ಅಂಚಿಗಿತ್ತೋ, ನನಗೆ ಗೊತ್ತಿಲ್ಲ. ಅವಳಿಗೂ ಇನ್ನೂ ಗೊತ್ತಿಲ್ಲ.