ಜಗಲಿಗೆ ಬೆಲ್ಲ ನೀರು, ಒಳಕೋಣೆಗೆ ಬೀಗ

ನೆರಿಯ ಊರಿನ ರುಕ್ಮಯ್ಯ ಗೌಡರ ಬಾಯಲ್ಲಿ ‘ಬೇಡ’ ಎಂಬ ಮಾತೇ ಬರುವುದಿಲ್ಲ. ಮೆಟ್ಟಿಲು ಹತ್ತಿದವರು ಯಾರೇ ಆಗಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಒಳ್ಳೆಯ ಗುಣವೇ. ಆದರೆ ಅದನ್ನು ಕಂಪ್ಯೂಟರಿಗೂ ತೋರಿಸಿದರೆ ಏನಾಗುತ್ತದೆ, ಕೇಳಿ.

ಸೊಂಟದ ಮೂಳೆ ಮುರಿದ ಮೇಲೆ ಅವರ ಹೆಂಡತಿ ಕಾವೇರಮ್ಮನಿಗೆ ಕಾಡಂಚಿನ ಹಳ್ಳದವರೆಗೆ ನಡೆಯಲು ಆಗುವುದಿಲ್ಲ. ಹಾಗಾಗಿ ರುಕ್ಮಯ್ಯನವರೇ ಬೆಳಿಗ್ಗೆ ಹೋಗಿ ಹಕ್ಕಿಗಳ ದನಿಯನ್ನು ಮೊಬೈಲಿನಲ್ಲಿ ಹಿಡಿದು ತಂದು ಕಂಪ್ಯೂಟರಿಗೆ ತುಂಬಿಸುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಾಕಿದರೆ ಕಾವೇರಮ್ಮ ಕಣ್ಣು ಮುಚ್ಚುತ್ತಾರೆ. ನೀರು ಹರಿಯುತ್ತದೆ, ಮಂಜು ಏಳುತ್ತದೆ, ಸಿಳ್ಳೆ ಹಾಕುವ ನೀಲಿ ಹಕ್ಕಿ ಯಾವುದೋ ಬಂಡೆಯ ಮೇಲೆ ಕೂತು ಅರ್ಧ ಹಾಡಿ ನಿಲ್ಲಿಸಿ, ಏನೋ ನೆನಪಾದಂತೆ ಮತ್ತೆ ಹಾಡುತ್ತದೆ.

“ಈಗ ನಾನು ಹಳ್ಳದ ಬದಿಯಲ್ಲಿದ್ದೇನೆ. ಮಾತಾಡಬೇಡಿ,” ಎನ್ನುತ್ತಾರೆ ಕಾವೇರಮ್ಮ.

ಒಮ್ಮೆ ಹಕ್ಕಿಯೊಂದರ ಹೆಸರು ಹುಡುಕುವಾಗ ಯಾವುದೋ ವೆಬ್‌ಸೈಟು “ಸೂಚನೆ ಕಳುಹಿಸಲೇ? ಅನುಮತಿಸಿ” ಎಂದು ಕೇಳಿತು. ಪಾಪ, ಕೇಳುತ್ತಿದೆಯಲ್ಲ ಎಂದು ರುಕ್ಮಯ್ಯ ಒತ್ತಿದರು. ಇನ್ನೊಂದು ಕೇಳಿತು, ಅದಕ್ಕೂ ಒತ್ತಿದರು. ಅಂದಿನಿಂದ ಪರದೆಯ ಮೂಲೆಯಲ್ಲಿ ಕೂದಲಿನ ಎಣ್ಣೆ, ಲಾಟರಿ ಬಹುಮಾನ, ಒಂದರ ಹಿಂದೆ ಒಂದು.

ಒಂದು ಮಧ್ಯಾಹ್ನ ಹಕ್ಕಿ ಹಾಡುತ್ತಿದ್ದಾಗ ರುಕ್ಮಯ್ಯ ಅಂಥದ್ದೇ ಒಂದನ್ನು ಒತ್ತಿದ್ದೇ ತಡ, ಪರದೆ ಪೂರ್ತಿ ಕೆಂಪಾಗಿ ಸೈರನ್ ಕೂಗಿತು. “ವೈರಸ್ ಬಂದಿದೆ. ನಿಮ್ಮ ಎಲ್ಲ ಫೈಲುಗಳು ಅಳಿಯುತ್ತವೆ. ಕೂಡಲೇ ಈ ನಂಬರಿಗೆ ಕರೆ ಮಾಡಿ.”

ಕಾವೇರಮ್ಮ ಬೆಚ್ಚಿ ಕಣ್ಣು ತೆರೆದರು. “ನನ್ನ ಹಕ್ಕಿಗಳೆಲ್ಲ ಹೋದುವಾ?”

ನೆರೆಮನೆಯ ಜುವೈರಿಯಾ ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಅವಳು ಪಾತ್ರೆ ಹಿಂದಿರುಗಿಸಲು ಬಂದಾಗ ರುಕ್ಮಯ್ಯ ಆ ನಂಬರಿಗೆ ಕರೆ ಮಾಡಿ ಫೋನಿನಲ್ಲಿದ್ದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಒಂದು ಆ್ಯಪ್ ಹಾಕಲು ಹೇಳುತ್ತಿದ್ದ. ಹಾಕಿದರೆ ಅವನು ಕೂತಲ್ಲಿಂದಲೇ ಈ ಕಂಪ್ಯೂಟರನ್ನು ನಡೆಸಬಹುದಂತೆ.

“ರುಕ್ಮಯ್ಯಣ್ಣ, ಮೊದಲು ಫೋನ್ ಇಡಿ.”

“ಸಹಾಯ ಮಾಡ್ತೇನೆ ಅಂತ ಹೇಳ್ತಿದ್ದಾನೆ ಮಾರಾಯ್ತಿ. ಮಾತಿನ ಮಧ್ಯೆ ಇಡುವುದು ಹೇಗೆ?”

“ಬಂದವರಿಗೆ ಬೆಲ್ಲ ನೀರು ಎಲ್ಲಿ ಕೊಡ್ತೀರಿ?”

“ಜಗಲಿಯಲ್ಲಿ.”

“ಗುರುತಿಲ್ಲದವನು ಬಂದು, ‘ಒಳಕೋಣೆಯಲ್ಲಿ ಹಾವು ಉಂಟು, ಕೀಲಿಕೈ ಕೊಡಿ, ನೀವು ಹೊರಗೆ ನಿಲ್ಲಿ’ ಅಂದರೆ ಕೊಡ್ತೀರಾ?”

ರುಕ್ಮಯ್ಯ ಬಾಯಿ ತೆರೆಯುವ ಮೊದಲೇ ಕಾವೇರಮ್ಮ ಮಲಗಿದಲ್ಲಿಂದ ಹೇಳಿದರು: “ಅವರು ಕೊಟ್ಟಾರು. ನಾನು ಬಿಡ್ಲಿಕ್ಕಿಲ್ಲ. ಇಡಿ ಫೋನು.”

ಇಟ್ಟರು.

ಜುವೈರಿಯಾ ಇಂಟರ್ನೆಟ್ಟಿನ ವಯರು ಎಳೆದು, ಆಲ್ಟ್ ಮತ್ತು ಎಫ್-4 ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಕೆಂಪು ಪರದೆ ಮಾಯವಾಯಿತು. “ಅದು ಬರೀ ಜಾಹೀರಾತು. ಒಳಗೆ ಎಂತ ಉಂಟು ಅಂತ ಅದಕ್ಕೆ ಗೊತ್ತೇ ಇಲ್ಲ,” ಎಂದಳು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್’ ಎಂಬಲ್ಲಿ ಹೋಗಿ, ಅನುಮತಿ ಪಡೆದ ಸೈಟುಗಳನ್ನೆಲ್ಲ ತೆಗೆದಳು. ಗುರುತಿಲ್ಲದ ಒಂದು ಸಾಫ್ಟ್‌ವೇರನ್ನೂ ಅಳಿಸಿದಳು. ಕಂಪ್ಯೂಟರಿನಲ್ಲೇ ಇರುವ ವೈರಸ್ ತಪಾಸಣೆ ನಡೆಸಿ, ಹಕ್ಕಿಗಳನ್ನೆಲ್ಲ ಪೆನ್‌ಡ್ರೈವಿಗೂ ತುಂಬಿಸಿದಳು.

“ಇನ್ನೊಮ್ಮೆ ಯಾರಾದರೂ ಅನುಮತಿ ಕೇಳಿದರೆ?” ರುಕ್ಮಯ್ಯನವರಿಗೆ ಇನ್ನೂ ಸಂಕೋಚ.

“ಬ್ಲಾಕ್ ಅಂತ ಒತ್ತಿ. ಕಂಪ್ಯೂಟರಿಗೆ ಬೇಜಾರಾಗುವುದಿಲ್ಲ ಅಣ್ಣ.”

ಮತ್ತೆ ಹಕ್ಕಿಯನ್ನು ಹಾಕಿದರು. ಅದು ಅರ್ಧ ಹಾಡಿ ನಿಲ್ಲಿಸಿತು. ಮೂವರೂ ಸೈರನ್ನಿಗಾಗಿ ಉಸಿರು ಹಿಡಿದು ಕಾದರು. ನೀರಿನ ಸದ್ದು ಮಾತ್ರ ಕೇಳಿತು. ಆಮೇಲೆ ಹಕ್ಕಿ ಉಳಿದ ಅರ್ಧ ಹಾಡಿತು.

ಕಾವೇರಮ್ಮ ಕಣ್ಣು ಮುಚ್ಚಿಯೇ ಕೈ ಚಾಚಿದರು. “ಹಳ್ಳದ ಬದಿಗೆ ಬಂದೆ. ನೀನೂ ಕೂತ್ಕೊ, ಜುವೈರಿಯಾ.” ರುಕ್ಮಯ್ಯ ಸದ್ದಿಲ್ಲದೆ ಬೆಲ್ಲ ನೀರು ತರಲು ಹೋದರು.

ಅಕ್ಕ ಅಣ್ಣಂದಿರೇ, ಮನೆಗೆ ಬಂದವರಿಗೆ ಬೆಲ್ಲ ನೀರು ತಪ್ಪಿಸಬೇಡಿ. ಆದರೆ ಪರದೆಯ ಮೇಲೆ ಕೇಳಿದವರಿಗೆಲ್ಲ ‘ಅನುಮತಿಸಿ’ ಒತ್ತಬೇಡಿ. ಹೆದರಿಸುವ ನಂಬರಿಗೆ ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಬೇಡಿ. ಹಣ ಹೋಗಿದ್ದರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಯಾರದೋ ಹಕ್ಕಿಗಳು ಇರುತ್ತವೆ. ಅವುಗಳ ಇನ್ನೊಂದು ಪ್ರತಿಯನ್ನು ಇವತ್ತೇ ಮಾಡಿಡಿ.